ಸರ್ಕಾರಿ ಆಸ್ಪತ್ರೆ ನರ್ಸಿಂಗ್ ಡ್ಯೂಟೀಲಿ ನಿಮಗೆ ನಿಜವಾಗ್ಲೂ ನೆಮ್ಮದಿ ಕೊಟ್ಟಿದ್ದು ಯಾವುದು?

ಮಲೆನಾಡ ಸಿಸ್ಟರ್
ಎಲ್ರಿಗೂ ನಮಸ್ಕಾರ. ತಾಲ್ಲೂಕು ಆಸ್ಪತ್ರೇಲಿ ಶುಶ್ರೂಷಾಧಿಕಾರಿ ನಾನು, ಸರ್ವಿಸ್‌ಗೆ ಸೇರಿ ಹನ್ನೊಂದು ವರ್ಷ ಆಯ್ತು. ಮೊನ್ನೆ ನಮ್ಮಲ್ಲಿ ಒತ್ತಡ ನಿರ್ವಹಣೆ ಅಂತ ಒಂದು ಟ್ರೈನಿಂಗ್ ಇಟ್ಟಿದ್ರು, ಬೆಳಗ್ಗೆ ಹತ್ತು ಗಂಟೆಗೆ. ನಾನು ಹಿಂದಿನ ರಾತ್ರಿ ಎಂಟಕ್ಕೆ ಡ್ಯೂಟಿಗೆ ಹೋದವ್ಳು, ಬೆಳಗ್ಗೆ ಮುಂದಿನ ಶಿಫ್ಟಿನವ್ರಿಗೆ ಓವರ್ ಕೊಟ್ಟು ಮುಗ್ಸೋವಾಗ ಎಂಟೂಮುಕ್ಕಾಲು, ಅಟೆಂಡೆನ್ಸ್ ಕಡ್ಡಾಯ ಅಂದ್ರು ಅಂತ ಮನೆಗೂ ಹೋಗ್ದೆ ಅಲ್ಲೇ ಕೂತೆ. ಬಂದ ಮೇಡಂ ಒಳ್ಳೆಯವ್ರೇ, ಉಸಿರಾಟದ ವ್ಯಾಯಾಮ ಹೇಳ್ಕೊಟ್ರು, ಕಣ್ಣು ಮುಚ್ಚಿ ಅಂದ್ರು, ಮುಚ್ಚಿದೆ, ಪಕ್ಕದ ಸಿಸ್ಟರ್ ಭುಜ ಅಲ್ಲಾಡ್ಸೋವರ್ಗೂ ನಂಗೆ ಪ್ರಜ್ಞೆ ಇಲ್ಲ.

ಕೊನೇಗೆ ಒಂದು ಫಾರಂ. 'ನೀವು ಕೆಲಸದಲ್ಲಿ ಸಂತೋಷವಾಗಿದ್ದೀರಾ', ಒಂದರಿಂದ ಐದರೊಳಗೆ ಗುರುತು ಹಾಕ್ಬೇಕು. ನಾನು ಮೂರು ಹಾಕಿ ಕೊಟ್ಬಂದೆ. ಆದ್ರೆ ಆ ಮೂರು ಸುಳ್ಳು ಅಂತ ಈಗ್ಲೂ ಮನಸ್ಸಲ್ಲಿ ಕೊರೀತಿದೆ. ಅದೇ ರಾತ್ರಿ ಎರಡೂವರೆಗೆ ಒಬ್ಬ ಬಾಣಂತಿಗೆ, ಹೆರಿಗೆ ಆಗಿ ಇಪ್ಪತ್ತು ನಿಮಿಷ ಆಗಿರ್ಬೇಕು, ಒಂದೇ ಸಮ ರಕ್ತ ಹೋಗೋಕೆ ಶುರುವಾಯ್ತು. ಹೊಟ್ಟೆ ಮೇಲೆ ಕೈ ಇಟ್ರೆ ಗರ್ಭಕೋಶ ಕಲಸಿದ ಹಿಟ್ಟಿನ ಥರ ಮೆತ್ತಗೆ. ಡಾಕ್ಟ್ರಿಗೆ ಫೋನ್ ಮಾಡ್ಸಿ, ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲೋಕೆ ಆಕ್ಸಿಟೋಸಿನ್ ಡ್ರಿಪ್ ಹಾಕ್ಸಿ, ನಾನು ಮಸಾಜ್ ಮಾಡ್ತಾನೇ ನಿಂತೆ. ಸುಮಾರು ಹೊತ್ತಾದ್ಮೇಲೆ ಕೈ ಕೆಳಗೆ ಅದು ಗಟ್ಟಿ ಚೆಂಡಿನ ಥರ ಸಿಕ್ತು ನೋಡಿ, ಆ ಗಳಿಗೆಗೆ ನಾನು ಐದಕ್ಕೆ ಐದು ಕೊಡ್ತೀನಿ. ನಾಲ್ಕು ಗಂಟೆಗೆ ರಕ್ತ ಆಗಿದ್ದ ಬಟ್ಟೆ ಬದಲಾಯ್ಸೋಕೆ ಡ್ಯೂಟಿ ರೂಮಿಗೆ ಹೋದ್ರೆ ಬಾಗ್ಲಿಗೆ ಚಿಲಕ ಇಲ್ಲ, ಬೇರೆ ಯಾರದೋ ಕಡೆಯವ್ರು ದಡಕ್ಕಂತ ಒಳಗೆ ಬಂದು 'ಬಾಟ್ಲಿ ಮುಗ್ದು ಅರ್ಧ ಗಂಟೆ ಆಯ್ತು, ನೀವಿಲ್ಲಿ ಮಲಗಿದ್ದೀರಾ' ಅಂತ ಕೂಗಾಡಿದ್ರು. ಅದಕ್ಕೆ ಒಂದು. ಐದೂ ಒಂದೂ ಸೇರಿ ಆ ಮೂರು ಆಗಿದ್ದು.

ನಾನು ಕೇಳ್ತಿರೋದು ಇಷ್ಟೇ. ಬರೀ ಕಷ್ಟ ಹೇಳ್ಕೊಳ್ಳೋದು ಬೇಡ, ಅದು ಎಲ್ರಿಗೂ ಗೊತ್ತು. ನಿಮ್ಮ ಆಸ್ಪತ್ರೇಲಿ ಏನೋ ಒಂದು ಬದಲಾಗಿ ಡ್ಯೂಟಿಗೆ ಹೋಗೋಕೆ ಮನಸ್ಸು ಹಗುರ ಆಗಿದ್ದು ಇದ್ರೆ ಅದನ್ನ ಹೇಳಿ.

ಧಾರವಾಡ ಬ್ರದರ್
ಡ್ಯೂಟಿ ಲಿಸ್ಟ್ ರೀ ಅಕ್ಕಾರ. ಮತ್ತೇನೂ ಅಲ್ಲ. ಮೊದಲ ನಮ್ಮಲ್ಲೆ ಶನಿವಾರ ರಾತ್ರಿ ಒಂಬತ್ತಕ್ಕ ವಾಟ್ಸಾಪಿಗೆ ಲಿಸ್ಟ್ ಬರ್ತಿತ್ತು, ಸೋಮವಾರದಿಂದ ನೈಟ್ ಐತಿ ಅಂತ ಆವಾಗ ಗೊತ್ತಾಗೂದು. ತಂಗಿ ನಿಶ್ಚಯ ಇದ್ರೂ ಹೋಗಾಕ ಬರ್ತೈತಿ ಇಲ್ಲ ಅಂತ ಹೇಳಾಕ ಆಗ್ತಿದ್ದಿಲ್ಲ. ಹೊಸಾ ಸೂಪರಿಂಟೆಂಡೆಂಟ್ ಮೇಡಂ ಬಂದ್ರು, ತಿಂಗಳದ್ದು ಒಮ್ಮೆಲೇ, 25ನೇ ತಾರೀಖಿಗೆ ಬೋರ್ಡಿಗೆ ಹಚ್ಚಾಕ ಚಾಲೂ ಮಾಡಿದ್ರು. ಪೆನ್ಸಿಲ್ಲಿಂದ ಬರೀತಾರ, ಎರಡ ದಿನ ಬಿಡ್ತಾರ, ಯಾರರ ಬದಲಿ ಮಾಡ್ಕೊಳ್ಳೂದಿದ್ರ ತಮ್ಮೊಳಗ ಮಾತಾಡ್ಕೊಂಡು ಸಹಿ ಮಾಡ್ಬೇಕು, ಆಮ್ಯಾಲೆ ಪೆನ್ನಿಂದ ತಿದ್ದತಾರ. ಮಂದಿ ಅಷ್ಟೇ ಅದೀವಿ, ಪೇಷಂಟ್ ಅಷ್ಟೇ ಅದಾರ, ಆದ್ರ ಜಗಳ ಅರ್ಧಕ್ಕರ್ಧ ಕಡಿಮಿ ಆಗ್ಯಾವ.

ರಾಗಿಮುದ್ದೆ
ಚಿಲಕ. ಡ್ಯೂಟಿ ರೂಮಿಗೊಂದು ಚಿಲಕ ಹಾಕ್ಸೋಕೆ ಎರಡು ಸಲ ಲೆಟರ್ ಕೊಟ್ಟಿದ್ದೀನಿ ನಾನೂ.

ಎನ್‌ಎಚ್‌ಎಂ ತಂಗಿ
ಪೆನ್ಸಿಲ್ ಲಿಸ್ಟ್ ಚೆನ್ನಾಗಿದೆ ಸರ್, ಆದ್ರೆ ನೆಮ್ಮದಿ ಅನ್ನೋ ಪದ ಬಂದಿದ್ದಕ್ಕೆ ನಾನು ಹೇಳ್ಲೇಬೇಕು. ನಾನು ಎನ್‌ಎಚ್‌ಎಂ, ಅಂದ್ರೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕಾಂಟ್ರಾಕ್ಟ್. ಅದೇ ಲೇಬರ್ ವಾರ್ಡು, ಅದೇ ನೈಟು, ಅದೇ ರಕ್ತ. ಪಕ್ಕದಲ್ಲಿ ಕೂತು ಕೇಸ್ ಶೀಟ್ ಬರೆಯೋ ಪರ್ಮನೆಂಟ್ ಸಿಸ್ಟರ್‌ಗೆ ಬರೋದ್ರಲ್ಲಿ ಅರ್ಧವೂ ನಂಗೆ ಬರಲ್ಲ. ಮಾರ್ಚ್ ಬಂತು ಅಂದ್ರೆ ರಿನ್ಯೂವಲ್ ಆಗುತ್ತೋ ಇಲ್ವೋ ಅನ್ನೋ ಚಿಂತೆ. 2023ರಲ್ಲಿ ಖಾಯಂ ಮಾಡಿ ಅಂತ ಫ್ರೀಡಂ ಪಾರ್ಕಲ್ಲಿ ಬಿಸಿಲಲ್ಲಿ ಕೂತವ್ರಲ್ಲಿ ನಾನೂ ಒಬ್ಳು. ಇದರ ಮೊದಲ ರೂಪ ಎನ್‌ಆರ್‌ಎಚ್‌ಎಂ ಶುರುವಾಗಿದ್ದು 2005ರಲ್ಲಿ, ಆಗಿನ ಕಾಲಕ್ಕೇ ಸೇರಿದ ಅಕ್ಕಂದಿರು ಇನ್ನೂ 'ತಾತ್ಕಾಲಿಕ'ನೇ. ಮೊದಲು ಅದು ಸರಿ ಆಗ್ಲಿ.

ಖಾಯಂ ಆದ್ರೂ ಕಷ್ಟ
ತಂಗಿ, ನಿನ್ನ ಮಾತು ಒಪ್ತೀನಿ, ಆದ್ರೆ ಪರ್ಮನೆಂಟ್ ಆದ್ರೆ ಎಲ್ಲ ಸರಿ ಹೋಗುತ್ತೆ ಅಂದ್ಕೋಬೇಡ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗ ಬಂತು, ಮೂಲ ವೇತನಕ್ಕೆ 27.5 ಪರ್ಸೆಂಟ್ ಫಿಟ್‌ಮೆಂಟ್ ಏರಿಕೆ ಸಿಕ್ತು, ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಸಂಬಳ ಜಾಸ್ತಿ ಆಯ್ತು ಅಂತ ವಾರ್ಡಲ್ಲಿ ಇನ್ನೊಬ್ಬ ಸಿಸ್ಟರ್ ಹುಟ್ಕೊಳ್ಳಲಿಲ್ಲ. 2006ರ ಏಪ್ರಿಲ್ ನಂತರ ಸೇರಿದ ನಮಗೆಲ್ಲ ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ ಯೋಜನೆ, ಹಳೇ ಪಿಂಚಣಿ ಇಲ್ಲ, ಆ ಚಿಂತೆ ಬೇರೆ.

ಎನ್‌ಎಚ್‌ಎಂ ತಂಗಿ
ಅಕ್ಕಾ, ಪಿಂಚಣಿ ಯಾವ್ದು ಬರುತ್ತೆ ಅನ್ನೋ ಚಿಂತೆ ಮಾಡೋಕಾದ್ರೂ ನಿಮಗೆ ಅವಕಾಶ ಇದೆ. ನಂಗೆ ಮುಂದಿನ ಏಪ್ರಿಲ್ಲೇ ಕಾಣಲ್ಲ. ಬೇಜಾರು ಮಾಡ್ಕೋಬೇಡಿ.

ಖಾಯಂ ಆದ್ರೂ ಕಷ್ಟ
ಇಲ್ಲ ಕಣಮ್ಮ, ನೀನು ಹೇಳಿದ್ದೇ ಸರಿ.

ಹೊಳೆದಂಡೆ ಗೌಡ
ನಾನು ನರ್ಸ್ ಅಲ್ಲ, ರೈತ. ಓದ್ಕೊಂಡು ಬಂದೆ, ಒಂದು ಮಾತು ಹೇಳ್ತೀನಿ ಬೈಬೇಡಿ. ನಮ್ಮ ಸೊಸೆ ಹೆರಿಗೇಲಿ ಸರ್ಕಾರಿ ಆಸ್ಪತ್ರೆಗೆ ಹೋದಾಗ ಅವಳು ನೋವಲ್ಲಿ ಕಿರುಚಿದ್ರೆ 'ಆವಾಗ ಗೊತ್ತಿರ್ಲಿಲ್ವಾ' ಅಂತ ಒಬ್ಬ ಸಿಸ್ಟರ್ ಅಂದ್ರು. ಮಗು ಆಚೆ ತಂದು ತೋರ್ಸೋಕೆ ಆಯಾ ದುಡ್ಡು ಕೇಳಿದ್ಲು, ಗಂಡಾದ್ರೆ ಒಂದು ರೇಟು ಹೆಣ್ಣಾದ್ರೆ ಒಂದು ರೇಟು. ನಿಮ್ಮ ನೆಮ್ಮದಿ ಬಗ್ಗೆ ಮಾತಾಡೋದು ಸರಿ, ಆ ಮಂಚದ ಮೇಲಿರೋ ಹೆಣ್ಮಗಳ ನೆಮ್ಮದೀನೂ ಅದ್ರಲ್ಲಿ ಸೇರ್ಬೇಕಲ್ವಾ?

ಧಾರವಾಡ ಬ್ರದರ್
ಎಲ್ಲಾರೂ ಹಂಗ ಇರೂದಿಲ್ರೀ ಗೌಡ್ರ. ಒಂದಿಬ್ಬರ ಸಂಬಂಧ ಎಲ್ಲಾರ ಮ್ಯಾಲೆ ಹೊರಸಬ್ಯಾಡ್ರಿ.

ಮಲೆನಾಡ ಸಿಸ್ಟರ್
ಬ್ರದರ್, ಅವ್ರು ಹೊರಿಸ್ತಿಲ್ಲ, ಆಗಿದ್ದು ಹೇಳ್ತಿದ್ದಾರೆ. ಗೌಡ್ರೇ, ಆ ಮಾತು ನಾನೂ ಕೇಳಿದ್ದೀನಿ, ನಮ್ಮಲ್ಲೇ, ಕೇಳಿ ಸುಮ್ನಿದ್ದಿದ್ದೂ ಉಂಟು, ಅದು ನಂಗೆ ಇವತ್ತಿಗೂ ನೋವು. ಸುಸ್ತಾಗಿದ್ದೆ ಅನ್ನೋದು ಆ ಮಾತಿಗೆ ಕಾರಣ ಇರಬಹುದು, ಸಮರ್ಥನೆ ಅಂತೂ ಅಲ್ಲ. ದುಡ್ಡಿನ ವಿಷಯಕ್ಕೆ ಕಾರಣಾನೂ ಇಲ್ಲ, ಅದು ತಪ್ಪು. ನಿಮ್ಮ ಸೊಸೆಗೆ ಹಾಗಾಗ್ಬಾರ್ದಿತ್ತು.

ನಿವೃತ್ತ ಇನ್‌ಚಾರ್ಜ್
ನಾನು 1986ರಲ್ಲಿ ಸೇರಿ ಕೆಲವು ವರ್ಷದ ಹಿಂದೆ ನಿವೃತ್ತಿ ಆದವಳು. ನಾವು ಸೇರಿದಾಗ ಗಾಜಿನ ಸಿರಿಂಜ್ ಕುದಿಸ್ತಿದ್ವಿ, ಸೂಜಿಗೆ ಸಾಣೆ ಹಿಡೀತಿದ್ವಿ, ಬಿಳಿ ಸೀರೆ ಬಿಳಿ ಟೋಪಿ. ಕಷ್ಟ ಇರ್ಲಿಲ್ಲ ಅಂತ ಯಾರೂ ಹೇಳಲಾರರು. ಆದರೂ ನಾನು ನಗ್ತಾ ಡ್ಯೂಟಿಗೆ ಹೋಗ್ತಿದ್ದ ನಾಲ್ಕು ವರ್ಷ ಇದೆ, ಅದಕ್ಕೆ ಕಾರಣ ಒಬ್ಬರೇ, ನನ್ನ ಇನ್‌ಚಾರ್ಜ್ ಸಿಸ್ಟರ್.

ಒಂದು ಸಲ ನನ್ನ ಕೈಯಲ್ಲೇ ತಪ್ಪಾಯ್ತು. ಒಬ್ಬರಿಗೆ ಕೊಡಬೇಕಾದ ಇಂಜೆಕ್ಷನ್ ಪಕ್ಕದ ಮಂಚದವರಿಗೆ ಕೊಟ್ಟುಬಿಟ್ಟೆ, ಇಬ್ಬರದ್ದೂ ಹೆಸರು ಒಂದೇ. ಪುಣ್ಯಕ್ಕೆ ರೋಗಿಗೆ ಏನೂ ಆಗಲಿಲ್ಲ. ನಾನು ನಡುಗ್ತಾ ಹೋಗಿ ಹೇಳಿದೆ. ಅವರು ಮೊದಲು ರೋಗಿ ಹತ್ರ ಹೋದರು, ಬಿಪಿ ನೋಡಿದರು, ಡಾಕ್ಟರಿಗೆ ತಾವೇ ಹೇಳಿದರು, 'ನನ್ನ ವಾರ್ಡಲ್ಲಿ ತಪ್ಪಾಗಿದೆ' ಅಂದರು, ನನ್ನ ಹೆಸರು ಎತ್ತಲಿಲ್ಲ. ಆಮೇಲೆ ನನ್ನನ್ನ ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ, ಬೈತಾರೆ ಅಂದ್ಕೊಂಡ್ರೆ, ಒಂದು ಲೋಟ ನೀರು ಕೊಟ್ಟು 'ಎಷ್ಟು ಹೊತ್ತಿಂದ ಊಟ ಮಾಡಿಲ್ಲ' ಅಂತ ಕೇಳಿದರು. ಮಾರನೇ ದಿನದಿಂದ ಒಂದೇ ಹೆಸರಿನವರು ಅಕ್ಕಪಕ್ಕ ಇದ್ದರೆ ಕೇಸ್ ಶೀಟ್ ಮೇಲೆ ಕೆಂಪು ಶಾಯಿಯಲ್ಲಿ ಗಂಡನ ಹೆಸರು, ಊರಿನ ಹೆಸರು ಬರೆಯೋ ಪದ್ಧತಿ ಮಾಡಿದರು. ಆ ಮೇಲೆ ನಮ್ಮ ವಾರ್ಡಲ್ಲಿ ಯಾರೂ ತಪ್ಪು ಮುಚ್ಚಿಡಲಿಲ್ಲ. ಈಗ ತಪ್ಪು ಹೇಳಿದರೆ ಮೊದಲು ಬರೋದು ಮೆಮೊ. ಮೆಮೊಗೆ ಹೆದರಿ ಹುಡುಗಿಯರು ಬಾಯಿ ಮುಚ್ಕೋತಾರೆ, ಅಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು.

ಬೀದರ್ ಬಿಎಸ್ಸಿ
ಅಮ್ಮಾ, ಆ ಲೋಟ ನೀರಿನ ಮಾತು ಓದಿ ಕಣ್ಣು ತುಂಬಿತ್ರಿ.

ಲೆಕ್ಕದವನು
ಭಾವನೆ ಎಲ್ಲ ಸರಿ, ಮೂಲ ಪ್ರಶ್ನೆ ಸಂಖ್ಯೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳೋ ಪ್ರಕಾರ ಟೀಚಿಂಗ್ ಆಸ್ಪತ್ರೇಲಿ 3 ಹಾಸಿಗೆಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೇಲಿ 5 ಹಾಸಿಗೆಗೆ ಒಬ್ಬ. ನಮ್ಮ ವಾರ್ಡಲ್ಲಿ 40 ಹಾಸಿಗೆಗೆ ರಾತ್ರಿ ಇಬ್ರು. ಅಂದ್ರೆ 8 ಜನ ಇರ್ಬೇಕಾದ ಕಡೆ ಇಬ್ರು.

ನಿವೃತ್ತ ಇನ್‌ಚಾರ್ಜ್
ಮಗೂ, ಅಲ್ಲಿ ಸ್ವಲ್ಪ ತಪ್ಪಾಯ್ತು. 5ಕ್ಕೆ ಒಬ್ಬರು ಅನ್ನೋದು ಪ್ರತಿ ಶಿಫ್ಟಿಗಲ್ಲ, ಒಟ್ಟು ಹುದ್ದೆಗೆ. ಅದನ್ನ ಮೂರು ಶಿಫ್ಟಿಗೆ ಹಂಚಿದರೆ ಒಂದು ಶಿಫ್ಟಲ್ಲಿ ಸುಮಾರು 15 ಹಾಸಿಗೆಗೆ ಒಬ್ಬರು ಬರ್ತಾರೆ. ರಜೆಗೆ ಅಂತ ಇನ್ನೂ 30 ಪರ್ಸೆಂಟ್ ಹೆಚ್ಚುವರಿ ಇಟ್ಕೋಬೇಕು. ನಿನ್ನ 40 ಹಾಸಿಗೆಗೆ ರಾತ್ರಿ ಕನಿಷ್ಠ ಮೂರು ಜನ ಇರಬೇಕು.

ಲೆಕ್ಕದವನು
ಸರಿ ಮೇಡಂ, ಒಪ್ಪಿದೆ. ಆದ್ರೆ ಮಂಚ 40 ಇದ್ರೂ ಡೆಂಗ್ಯೂ ಟೈಮಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ 60 ದಾಟುತ್ತೆ. ಆ ಚಾಪೆ ಮೇಲಿರೋರು ಯಾವ ಲೆಕ್ಕಕ್ಕೂ ಬರಲ್ಲ. ಆ 30 ಪರ್ಸೆಂಟ್ ಅನ್ನೋದನ್ನ ನಾನಂತೂ ಎಲ್ಲೂ ಕಂಡಿಲ್ಲ, ಒಬ್ರು ಹೆರಿಗೆ ರಜೆಗೆ ಹೋದ್ರೆ ಆರು ತಿಂಗ್ಳು ಅವ್ರ ನೈಟ್ ಉಳಿದೋರ ತಲೆ ಮೇಲೆ. ರಜೆ ತಗೊಂಡೋರ ಮೇಲೆ ನಮ್ಗೆ ಸಿಟ್ಟು ಬರುತ್ತೆ, ಬರಬಾರದು, ಬರುತ್ತೆ.

ಕೆಂಪು ಕ್ಯಾಲೆಂಡರ್
ಅದೇ ಆಗಿದ್ದು ಋತುಚಕ್ರ ರಜೇಲೂ. 2025ರ ಅಕ್ಟೋಬರಲ್ಲಿ ಸಂಪುಟ ಒಪ್ತು, ತಿಂಗಳಿಗೊಂದು, ವರ್ಷಕ್ಕೆ 12. ಆಫೀಸಲ್ಲಿ ಕೂರೋರಿಗೆ ಸಿಗಬಹುದು. ನಾನು ವಾರ್ಡಲ್ಲಿ ಇವತ್ತು ರಜೆ ಅಂದ್ರೆ ಜೊತೆಗಾರ್ತಿ ಒಬ್ಳೇ ಆಗ್ತಾಳೆ, ಅವಳಿಗೂ ಅದೇ ಹೊಟ್ಟೆನೋವು ಇರುತ್ತೆ. ಕೇಳೋಕೇ ಬಾಯಿ ಬರಲ್ಲ.

ಖಾಯಂ ಆದ್ರೂ ಕಷ್ಟ
ಹಾಗಂತ ಕೇಳ್ದೇ ಇರ್ಬೇಡಿ! ಕೇಳ್ದೇ ಇದ್ರೆ 'ಯಾರಿಗೂ ಬೇಕಾಗಿಲ್ಲ' ಅಂತ ಬರ್ಕೋತಾರೆ. 2021ರಲ್ಲಿ ಮಕ್ಕಳ ಆರೈಕೆ ರಜೆ 180 ದಿನ ಬಂದಾಗ್ಲೂ ಮೊದಲು ಇದೇ ಆಗಿದ್ದು, ಕೊಡೋಕಾಗಲ್ಲ ಅಂದ್ರು. ನಾನು ಅರ್ಜಿ ಕೊಟ್ಟೆ, ತಿರಸ್ಕಾರ ಮಾಡೋದಾದ್ರೆ ಕಾರಣ ಬರೆದು ಕೊಡಿ ಅಂದೆ. ಎರಡನೇ ಸಲಕ್ಕೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಟೈಮಿಗೆ 30 ದಿನ ಸಿಕ್ತು.

ಕುಡ್ಲದ ಕುವರಿ
ನನ್ನದು ಸ್ವಲ್ಪ ಬೇರೆ ವಿಷಯ ಮಾರಾಯ್ರೆ. ಕಾಲು! ಹದಿನಾಲ್ಕು ವರ್ಷ ನಿಂತೂ ನಿಂತೂ ಮೊಣಕಾಲಿನ ಕೆಳಗೆ ನರ ಎಲ್ಲ ಹಸಿರು ಹಗ್ಗದ ಹಾಗೆ ಆಗಿದೆ. ಕಂಪ್ರೆಷನ್ ಸಾಕ್ಸ್ ಹಾಕ್ಲಿಕ್ಕೆ ಶುರು ಮಾಡಿದ ಮೇಲೆ ಸಂಜೆ ಭಾರ ಕಡಿಮೆ ಉಂಟು. ಬೆಳಿಗ್ಗೆ ಮಂಚದಿಂದ ಕಾಲು ಕೆಳಗೆ ಇಡುವ ಮೊದಲೇ ಹಾಕ್ಬೇಕು, ಊದಿದ ಮೇಲೆ ಹಾಕಿದ್ರೆ ಪ್ರಯೋಜನ ಇಲ್ಲ.

ರಾಗಿಮುದ್ದೆ
ಯಾವ ಸೈಜು ಅಂತ ಹೆಂಗೆ ನೋಡೋದು ಅಕ್ಕ? ನಂಗೂ ಬೇಕು.

ಕುಡ್ಲದ ಕುವರಿ
ಕಣಕಾಲು, ಮೀನಖಂಡ ಎರಡೂ ಟೇಪಲ್ಲಿ ಅಳತೆ ತೆಗೀರಿ, ಬೆಳಿಗ್ಗೆ ಎದ್ದ ಕೂಡ್ಲೇ. ಅಂದಾಜಲ್ಲಿ ತಗೊಳ್ಬೇಡಿ, ಮೊದಲು ಒಮ್ಮೆ ಡಾಕ್ಟ್ರಿಗೆ ತೋರಿಸಿ.

ಕ್ಯಾಶುವಾಲ್ಟಿ ರಾತ್ರಿ
ವಾಪಸ್ ವಿಷಯಕ್ಕೆ ಬರ್ತೀನಿ. ನಂಗೆ ಎರಡು ವರ್ಷದ ಹಿಂದೆ ಸೂಜಿ ಚುಚ್ತು. ಕುಡಿದು ಬಿದ್ದು ಬಂದ ಪೇಷಂಟ್, ಕೈ ಒದರಿದ, ಐವಿ ಹಾಕ್ತಿದ್ದ ಸೂಜಿ ನನ್ನ ಹೆಬ್ಬೆರಳಿಗೆ. ಗ್ಲೌಸ್ ಒಳಗೆ ಒಂದು ಹನಿ ರಕ್ತ, ಸಾಸಿವೆ ಕಾಳಿನಷ್ಟು. ಸೋಪು ನೀರಲ್ಲಿ ತೊಳೆದೆ. ಎಚ್‌ಐವಿ ಬರೋ ಸಂಭವ ಅಂಥ ಚುಚ್ಚಿನಲ್ಲಿ ಸಾವಿರಕ್ಕೆ ಮೂರು ಅಂತ ಓದಿದ್ದೀನಿ, ಪಾಠಾನೂ ಮಾಡಿದ್ದೀನಿ, ಆದ್ರೆ ಆ ರಾತ್ರಿ ಆ ಮೂರರಲ್ಲಿ ನಾನೇ ಒಬ್ಳು ಅನ್ಸ್ತಿತ್ತು. ಎಚ್‌ಐವಿ ತಡೆಯೋ ಪಿಇಪಿ ಮಾತ್ರೆ ಎರಡು ಗಂಟೆ ಒಳಗೆ ಶುರುವಾದ್ರೆ ಒಳ್ಳೇದು, 72 ಗಂಟೆ ದಾಟಬಾರದು. ಮಾತ್ರೆ ಇಟ್ಟಿದ್ದ ಬೀರುವಿನ ಕೀಲಿ ಯಾರ ಹತ್ರ ಇದೆ ಅಂತಾನೇ ಯಾರಿಗೂ ಗೊತ್ತಿಲ್ಲ. ಫೋನ್ ಮಾಡಿ ಮಾಡಿ ಬೆಳಗ್ಗೆ ಏಳಕ್ಕೆ ಸಿಕ್ತು. 28 ದಿನ ಮಾತ್ರೆ, ವಾಂತಿ, ಗಂಡಂಗೆ ಹೇಳೋದಾ ಬೇಡ್ವಾ ಅನ್ನೋ ಸಂಕಟ. ಟೆಸ್ಟ್ ಎಲ್ಲ ನೆಗೆಟಿವ್ ಬಂತು.

ಆಮೇಲೆ ನಾವು ನಾಲ್ಕು ಜನ ಹೋಗಿ ಕೂತು ಕೇಳಿದ್ದಕ್ಕೆ ಆ ಮಾತ್ರೆ ಈಗ ಕ್ಯಾಶುವಾಲ್ಟಿ ಎಮರ್ಜೆನ್ಸಿ ಟ್ರೇ ಪಕ್ಕದಲ್ಲೇ ಇದೆ, ಎಕ್ಸ್‌ಪೈರಿ ಡೇಟ್ ಹೊರಗೆ ಬರೆದಿದೆ. ಎಲ್ರಿಗೂ ಹೆಪಟೈಟಿಸ್ ಬಿ ಮೂರು ಡೋಸ್ ಹಾಕ್ಸಿದ್ರು. ಅಕ್ಕಾ ನೀವು ಕೇಳಿದ್ರಲ್ಲ ಮನಸ್ಸು ಹಗುರ ಆಗಿದ್ದು ಯಾವುದು ಅಂತ, ನನ್ನದು ಆ ಮಾತ್ರೆ ಡಬ್ಬಿ.

ಬೀದರ್ ಬಿಎಸ್ಸಿ
ಇದು ಓದಿದ ಕೂಡ್ಲೇ ನಮ್ಮ ವಾರ್ಡ್‌ನಾಗ ಕೀಲಿ ಎಲ್ಲಿ ಐತಿ ಕೇಳಿದೆ. ಫಾರ್ಮಸಿ ಸರ್ ಮನಿಗಿ ಒಯ್ದಾರಂತ. ನಾಳಿ ಮಾತಾಡ್ತೀನ್ರಿ.

ಲೀಡ್ಸ್‌ನಲ್ಲಿರೋ ಹಾಸನದವಳು
ನಾನು ಕರ್ನಾಟಕದಲ್ಲಿ ಆರು ವರ್ಷ ಕೆಲಸ ಮಾಡಿ ಈಗ ಇಂಗ್ಲೆಂಡಲ್ಲಿ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿದ್ದೀನಿ. ಇಲ್ಲಿ ಸ್ವರ್ಗ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹನ್ನೆರಡೂವರೆ ಗಂಟೆ ಶಿಫ್ಟು, ಮಧ್ಯದ ಬ್ರೇಕಿಗೆ ಸಂಬಳ ಇಲ್ಲ. 2022ರ ಡಿಸೆಂಬರಲ್ಲಿ ಇಲ್ಲಿನ ನರ್ಸ್‌ಗಳೂ ಬೀದಿಗಿಳಿದಿದ್ರು, ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಕರೆದಿದ್ದ ಮುಷ್ಕರ, ನೂರು ವರ್ಷ ದಾಟಿದ ಸಂಘ ಅಷ್ಟು ದೊಡ್ಡ ಮಟ್ಟದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಆದ್ರೆ ಮೂರು ವಿಷಯಕ್ಕೆ ನಂಗೆ ಇಲ್ಲಿ ರಾತ್ರಿ ನಿದ್ದೆ ಬರುತ್ತೆ. ನಮ್ಮ ವಾರ್ಡಲ್ಲಿ ಆರು ವಾರ ಮುಂಚೆ ಡ್ಯೂಟಿ ಲಿಸ್ಟ್ ಬರುತ್ತೆ. ಸೇರಿದ ವರ್ಷದಿಂದ್ಲೇ 27 ದಿನ ರಜೆ, ಹಬ್ಬದ ರಜೆ ಬೇರೆ. ತಪ್ಪಾದ್ರೆ ಕಂಪ್ಯೂಟರಲ್ಲಿ ದಾಖಲಿಸ್ತೀವಿ, ಆಮೇಲೆ ಹೇಗಾಯ್ತು ಅಂತ ಎಲ್ರೂ ಕೂತು ಮಾತಾಡ್ತಾರೆ. ನಿವೃತ್ತ ಮೇಡಂ ಅವ್ರ ಸಿಸ್ಟರ್ ಸ್ಟೋರ್ ರೂಮಲ್ಲಿ ಮಾಡಿದ್ದೂ ಅದೇ ಕೆಲಸ. ಅಮ್ಮ ಹುಷಾರಿಲ್ಲ ಅಂದ್ರೆ ನಂಗೆ ಹಾಸನಕ್ಕೆ ಒಂದು ದಿನದಲ್ಲಿ ಬರೋಕಾಗಲ್ಲ, ಆ ಸಂಕಟಕ್ಕೆ ಇಲ್ಲಿ ಯಾವ ಮದ್ದೂ ಇಲ್ಲ.

ಧಾರವಾಡ ಬ್ರದರ್
ಅಂದ್ರ ಪೆನ್ಸಿಲ್ ಲಿಸ್ಟ್ ಅಲ್ಲೂ ಐತಿ ಅನ್ರಿ, ಕಂಪ್ಯೂಟರನಾಗ.

ಉಪಕೇಂದ್ರದಿಂದ
ಎಲ್ರೂ ವಾರ್ಡ್ ಬಗ್ಗೆ ಹೇಳ್ತಿದ್ದೀರಿ, ನಾನು ಹಳ್ಳೀಲಿರೋ ಸಿಎಚ್‌ಓ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ. ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ. ಬೋರ್ಡು ಮೊದಲು ಹೆಲ್ತ್ ಅಂಡ್ ವೆಲ್‌ನೆಸ್ ಸೆಂಟರ್ ಅಂತಿತ್ತು, ಈಗ ಆಯುಷ್ಮಾನ್ ಆರೋಗ್ಯ ಮಂದಿರ. ನನ್ನ ಫೋನಲ್ಲಿ ಬಿಪಿ ಶುಗರಿಗೆ ಒಂದು ಆಪ್, ಟಿಬಿಗೆ ನಿಕ್ಷಯ್, ಲಸಿಕೆಗೆ ಯುವಿನ್, ಟೆಲಿ ಕನ್ಸಲ್ಟೇಷನ್‌ಗೆ ಇ-ಸಂಜೀವಿನಿ. ಅದೇ ಮಾಹಿತೀನ ಮತ್ತೆ ರಿಜಿಸ್ಟರಲ್ಲೂ ಬರೀಬೇಕು. ಒಬ್ಬ ಅಜ್ಜಿ ಬಿಪಿ ನೋಡೋಕೆ ಎರಡು ನಿಮಿಷ, ಎಂಟ್ರಿಗೆ ಹನ್ನೆರಡು ನಿಮಿಷ, ನೆಟ್‌ವರ್ಕ್ ಸಿಗ್ಲಿಲ್ಲ ಅಂದ್ರೆ ಕೆರೆ ಏರಿ ಹತ್ತಿ ನಿಂತು ಹಾಕ್ಬೇಕು. ಟಾರ್ಗೆಟ್ ಆಗ್ಲಿಲ್ಲ ಅಂದ್ರೆ ಇನ್ಸೆಂಟಿವ್ ಕಟ್.

ಆದ್ರೂ ನಾನು ಈ ಕೆಲಸ ಬಿಟ್ಟಿಲ್ಲ. ಒಬ್ರು ಅಜ್ಜ, ಶುಗರ್ 400 ಇತ್ತು, ಕಾಲಲ್ಲಿ ಗಾಯ, ಪೇಟೆಗೆ ಹೋದ್ರೆ ಕಾಲು ಕತ್ತರಿಸ್ತಾರೆ ಅಂತ ಹೆದರಿ ಹೋಗ್ತಿರ್ಲಿಲ್ಲ. ಕೈ ಹಿಡ್ಕೊಂಡು ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದೆ, ಆಮೇಲೆ ಎರಡೂವರೆ ತಿಂಗ್ಳು ದಿನಾ ಡ್ರೆಸ್ಸಿಂಗ್ ಮಾಡ್ದೆ. ಕಾಲು ಉಳೀತು. ಈಗ ಹೊಲಕ್ಕೆ ಹೋಗುವಾಗ ದಿನಾ ಸೆಂಟರ್ ಮುಂದೆ ನಿಂತು ಕಾಲು ಎತ್ತಿ ತೋರ್ಸಿ ಹೋಗ್ತಾರೆ. ಆ ಎಂಟ್ರಿ ಹಾಕೋಕೆ ಮಾತ್ರ ಯಾವ ಆಪಲ್ಲೂ ಜಾಗ ಇಲ್ಲ.

ಹೊಳೆದಂಡೆ ಗೌಡ
ಇಂಥೋರು ನಮ್ಮೂರಿಗೂ ಬರ್ಲಿ ತಾಯಿ. ನಮ್ಮ ಉಪಕೇಂದ್ರ ಬೀಗ ಹಾಕೇ ಇರುತ್ತೆ.

ಮನೋವಾರ್ಡ್ ಸಿಸ್ಟರ್
ನಾನು ಸೈಕಿಯಾಟ್ರಿ ವಿಭಾಗದಲ್ಲಿ ಇರೋದು. ಬರ್ನ್‌ಔಟ್ ಅನ್ನೋದನ್ನ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅಂತ ಅಲ್ಲ, ಕೆಲಸದಿಂದ ಹುಟ್ಟೋ ಸ್ಥಿತಿ ಅಂತ ಗುರುತಿಸ್ತು. ಮೈಯೆಲ್ಲ ಬತ್ತಿ ಹೋದ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ನನ್ನಿಂದ ಏನೂ ಆಗ್ತಿಲ್ಲ ಅನ್ನೋ ಭಾವ, ಇವು ಮೂರೂ ಸೇರಿ ಬರೋದು. ಗೌಡ್ರ ಸೊಸೆಗೆ ಆ ಮಾತು ಅಂದ ಸಿಸ್ಟರಲ್ಲಿ ಎರಡನೇದು ಇತ್ತೇನೋ, ಅವ್ರನ್ನ ನೋಡದೆ ನಾನು ಹೇಳೋಕಾಗಲ್ಲ. ಕೆಲಸದಿಂದ ಹುಟ್ಟಿದ್ದನ್ನ ಉಸಿರಾಟದ ವ್ಯಾಯಾಮ ಒಂದ್ರಿಂದ್ಲೇ ಸರಿ ಮಾಡೋಕಾಗಲ್ಲ, ಕೆಲಸಾನೇ ಸರಿ ಮಾಡ್ಬೇಕು. ಅಲ್ಲಿವರ್ಗೂ, ನಿದ್ದೆ ಪೂರ್ತಿ ಹೋಗಿದ್ರೆ, ಬದುಕೇ ಬೇಡ ಅನ್ನಿಸ್ತಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ರೋಗಿಗಳಿಗೆ ಆ ನಂಬರ್ ಬರೆದು ಕೊಡೋ ನಾವು ನಾವೇ ಮಾಡಲ್ಲ.

ಕ್ಯಾಶುವಾಲ್ಟಿ ರಾತ್ರಿ
ಆ 28 ದಿನದಲ್ಲಿ ಒಂದು ಸಲ ಮಾಡಿದ್ದೆ. ಬರೀ ಅತ್ತೆ, ಅವ್ರು ಕೇಳಿಸ್ಕೊಂಡ್ರು.

ಲೆಕ್ಕದವನು
ಇನ್ನೊಂದು, ಹೊಡೆಯೋಕೆ ಬರೋರ ವಿಷಯ ಯಾರೂ ಎತ್ಲಿಲ್ಲ. ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ, ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದ್ರೆ ಜೈಲು, ಜಾಮೀನಿಲ್ಲದ ಕೇಸು. ಅದು ಡಾಕ್ಟ್ರಿಗೆ ಮಾತ್ರ ಅಂತ ಎಷ್ಟೋ ಸಿಸ್ಟರ್‌ಗಳು ಅಂದ್ಕೊಂಡಿದ್ದಾರೆ. ನರ್ಸ್‌ಗಳೂ ಅದ್ರಲ್ಲಿ ಬರ್ತಾರೆ. ದೂರು ಕೊಡೋವಾಗ ಆ ಕಾಯ್ದೆ ಹೆಸರು ಹೇಳಿ ಎಫ್‌ಐಆರ್ ಮಾಡ್ಸಿ.

ಎನ್‌ಎಚ್‌ಎಂ ತಂಗಿ
ಕಾಂಟ್ರಾಕ್ಟ್‌ನವ್ರಿಗೂ ಅನ್ವಯ ಆಗುತ್ತಾ?

ಲೆಕ್ಕದವನು
ಆಗುತ್ತೆ. ಅಲ್ಲಿ ಖಾಯಂ ಹಂಗಾಮಿ ಭೇದ ಇಲ್ಲ.

ಮಲೆನಾಡ ಸಿಸ್ಟರ್
ಇಷ್ಟು ಜನ ಬರೀತೀರಾ ಅಂದ್ಕೊಂಡಿರ್ಲಿಲ್ಲ. ಎರಡು ವಿಷಯ ಹೇಳ್ಬೇಕು. ನಿನ್ನೆ ಡ್ಯೂಟಿ ಬದಲಾಗೋ ಹೊತ್ತಿಗೆ ನಾವು ಏಳು ಜನ ಸೇರಿ ಸೂಪರಿಂಟೆಂಡೆಂಟ್ ಹತ್ರ ಹೋದ್ವಿ. ಧಾರವಾಡ ಬ್ರದರ್ ಹೇಳಿದ ಥರ ಮುಂದಿನ ತಿಂಗಳ ಲಿಸ್ಟ್ ನಾವೇ ಪೆನ್ಸಿಲಲ್ಲಿ ಬರ್ಕೊಂಡು ಹೋಗಿದ್ವಿ, ಕಾಂಟ್ರಾಕ್ಟ್ ಹುಡುಗೀರಿಗೂ ನಮಗೂ ಸಮ ನೈಟ್ ಹಾಕಿ. ಮೊದಲು 'ಹೀಗೆಲ್ಲ ಆಗಲ್ಲ' ಅಂದ್ರು. ಆಮೇಲೆ ಕನ್ನಡಕ ಹಾಕ್ಕೊಂಡು ಒಂದೊಂದೇ ಹೆಸರು ನೋಡಿದ್ರು, ಎರಡು ಕಡೆ ಅವ್ರೇ ಅಳಿಸಿ ಬದಲಾಯ್ಸಿದ್ರು, ಒಂದು ತಿಂಗ್ಳು ನೋಡೋಣ ಅಂದ್ರು. ಪಿಇಪಿ ಮಾತ್ರೆ ಎಲ್ಲಿದೆ ಅಂತ ಕೇಳ್ದಾಗ ಅವ್ರಿಗೂ ಗೊತ್ತಿರ್ಲಿಲ್ಲ, ಅಲ್ಲೇ ಫಾರ್ಮಸಿಗೆ ಫೋನ್ ಮಾಡಿದ್ರು. ಜನ ಕಮ್ಮಿ ಇರೋ ವಿಷಯಕ್ಕೆ ಮಾತ್ರ ಅವ್ರ ಹತ್ರಾನೂ ಉತ್ತರ ಇಲ್ಲ, ಮೂರನೇ ಸಲ ಮೇಲಕ್ಕೆ ಬರೀತೀನಿ ಅಂದ್ರು.

ಎರಡನೇದು, ಆ ಬಾಣಂತಿ ಇವತ್ತು ಡಿಸ್ಚಾರ್ಜ್ ಆದ್ಲು. ಹೆಣ್ಣು ಮಗು, ಎರಡು ಕೆಜಿ ಎಂಟುನೂರು. ಹೋಗೋವಾಗ ಅವ್ರಮ್ಮ ನನ್ನ ಕೈಗೆ ದುಡ್ಡು ತುರುಕೋಕೆ ಬಂದ್ರು, ಗೌಡ್ರ ಮಾತು ನೆನಪಾಯ್ತು, ಬೇಡಮ್ಮ ಅಂತ ವಾಪಸ್ ಅವ್ರ ಸೆರಗಿಗೇ ಕಟ್ಟಿ ಕಳಿಸ್ದೆ.

ರಾಗಿಮುದ್ದೆ
ಚಿಲಕ?

ಮಲೆನಾಡ ಸಿಸ್ಟರ್
ಹಾಕಿದ್ರು, ಇವತ್ತು ಮಧ್ಯಾಹ್ನ. ಒಳಗಿಂದ ಹಾಕ್ಕೊಂಡು ಹತ್ತು ನಿಮಿಷ ಗೋಡೆಗೆ ಒರಗಿ ಕೂತಿದ್ದೆ, ಯಾರೂ ಬರ್ಲಿಲ್ಲ.

ಬೀದರ್ ಬಿಎಸ್ಸಿ
ಅಕ್ಕಾರ, ಆ ಪೆನ್ಸಿಲ್ ಲಿಸ್ಟಿಂದ ಒಂದ್ ಫೋಟೋ ಹಾಕ್ರಿ, ಹೆಸರು ಮುಚ್ಚಿ. ನೈಟ್ ಆದ್ಮ್ಯಾಲೆ ಎಷ್ಟು ದಿನ ಆಫ್ ಕೊಟ್ಟೀರಿ ನೋಡ್ಬೇಕು, 25ನೇ ತಾರೀಖಿನ ಒಳಗ ನಾವೂ ಬರೀಬೇಕಾಗೇತಿ.